ಚಂದಕವಾಡಿ ರಸ್ತೆಯ ಸಕ್ಕರೆಯಿಲ್ಲದ ಟೀ

ಕಾಯಿಲೆಗಳಲ್ಲಿ ಹೇಳಿಕೊಳ್ಳುವಂಥವು, ಹೇಳಿಕೊಳ್ಳಬಾರದಂಥವು ಎಂದು ಎರಡು ಬಗೆ. ಬಿಪಿ ಹೇಳಿಕೊಳ್ಳುವಂಥದ್ದು. 'ನನಗೆ ಬಿಪಿ ಇದೆ' ಎಂದರೆ ಪಾಪ, ಈ ಮನುಷ್ಯ ಎಷ್ಟೆಲ್ಲ ಜವಾಬ್ದಾರಿ ಹೊತ್ತಿದ್ದಾನೋ ಎಂದು ಮೇಲಧಿಕಾರಿಯೂ ಸ್ವಲ್ಪ ದನಿ ತಗ್ಗಿಸುತ್ತಾರೆ. ಗ್ಯಾಸ್ಟ್ರಿಕ್ಕಂತೂ ಉಂಡುಟ್ಟು ಸುಖವಾಗಿರುವ ಮನೆತನದ ಲಕ್ಷಣ. ಮಂಡಿನೋವಿದ್ದರೆ ಮದುವೆಮನೆಯಲ್ಲಿ ಕರೆದು ಕುರ್ಚಿ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರ ಇಂಥ ಯಾವ ಮರ್ಯಾದೆಯೂ ಇಲ್ಲ. ಅದರಲ್ಲೂ ಮದುವೆಗೆ ಬಂದ ಮಗಳು ಮನೆಯಲ್ಲಿರುವಾಗ ಅಪ್ಪನಾದವನು ಅದನ್ನು ಬರಿಸಿಕೊಳ್ಳುವುದು ಶುದ್ಧ ಬೇಜವಾಬ್ದಾರಿತನ. ಹೀಗೆಂದು ನನ್ನ ಹೆಂಡತಿ ಗಿರಿಜಾ ತೀರ್ಪು ಕೊಡುವ ಹೊತ್ತಿಗೆ ನನಗೆ ಅದು ಬಂದು ಕೂತಾಗಿತ್ತು.

ಬಂದದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ನಾನು, ಬಡ್ತಿ ಸಿಕ್ಕಾಗ ಮಾತ್ರ ಕುರ್ಚಿಯಿಂದ ಎದ್ದವನು. ಮನೆಯಲ್ಲಿ ಮುದ್ದೆ, ಮುದ್ದೆಯ ಹಿಂದೆ ಅನ್ನ, ಅನ್ನದ ಹಿಂದೆ 'ಮಜ್ಜಿಗೆಗೆ ಒಂಚೂರು' ಎಂದು ಮತ್ತಷ್ಟು ಅನ್ನ. ಕೊನೆಗೆ ಕುಡಿದಷ್ಟೂ ಬಾಯಾರಿಕೆ ಶುರುವಾಯಿತು. ರಕ್ತ ಪರೀಕ್ಷೆಗೆಂದು ನಮ್ಮೂರಿನ ಲ್ಯಾಬಿಗೆ ಹೊರಟರೆ ಗಿರಿಜಾ ಬಾಗಿಲಲ್ಲೇ ತಡೆದಳು. "ಅಲ್ಲಿ ಕೂತಿರೋರೆಲ್ಲ ನಮ್ಮೋರೇ ಕಣ್ರೀ. ನಿಮ್ಮ ರಕ್ತ ಶೀಸೆಗೆ ಬೀಳೋಕೆ ಮುಂಚೆ ಸುದ್ದಿ ಬೀದಿಗೆ ಬಿದ್ದಿರ್ತದೆ. ಗುಂಡ್ಲುಪೇಟೆಗೆ ಹೋಗಿ." ಹೀಗೆ ನಾನು ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ, ತೆರಕಣಾಂಬಿಯಲ್ಲಿ ಕಂಡಕ್ಟರು ಇಡ್ಲಿ ತಿನ್ನುವುದನ್ನು ಕಿಟಕಿಯಿಂದ ನೋಡಿ ನುಂಗಿಕೊಂಡು, ಗುಂಡ್ಲುಪೇಟೆ ತಲುಪಿ ರಕ್ತ ಕೊಟ್ಟೆ. ಅಲ್ಲಿನ ಡಾಕ್ಟರಮ್ಮ ರಿಪೋರ್ಟು ನೋಡಿದರು, ನನ್ನ ಹೊಟ್ಟೆ ನೋಡಿದರು. "ಎರಡೂ ಒಂದೇ ಹೇಳ್ತಿವೆ" ಎಂದರು. ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ, ದಿನಾ ಬೆವರು ಬರುವಷ್ಟು ನಡೆಯಿರಿ, ಇಲ್ಲವೇ ಸೈಕಲ್ ತುಳಿಯಿರಿ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್ನೇ ಗತಿ ಎಂದು ಹೆದರಿಸಿ ಕಳಿಸಿದರು.

ಈಗಿನ ಕಾಲದಲ್ಲಿ ಅರ್ಧ ಜಿಲ್ಲೆಗೇ ಸುಗರ್ ಇರುವಾಗ ಮುಚ್ಚಿಡುವುದೇನು ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಎಲ್ಲರ ಮನೆ ದೋಸೆಯೂ ತೂತೇ. ಆದ್ರೆ ಹೆಣ್ಣು ನೋಡೋಕೆ ಬಂದೋರ ಮುಂದೆ ತೂತು ತೋರ್ಸಿ ಯಾರೂ ಬಡಿಸಲ್ಲ" ಎಂದಳು ಗಿರಿಜಾ. ಮಗಳು ಪಲ್ಲವಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎರಡು ಸಂಬಂಧಗಳು ಜಾತಕ ಕೂಡದೆ ತಪ್ಪಿದ್ದವು. ಮೂರನೆಯದು ಅಪ್ಪನ ಸಕ್ಕರೆಯಿಂದ ತಪ್ಪಬಾರದು, ನಿಶ್ಚಿತಾರ್ಥ ಮುಗಿಯುವ ತನಕ ಈ ವಿಷಯ ನಾವಿಬ್ಬರು ಮತ್ತು ಗುಂಡ್ಲುಪೇಟೆಯ ಡಾಕ್ಟರಮ್ಮನ ನಡುವೆಯೇ ಇರತಕ್ಕದ್ದು ಎಂದು ಆಜ್ಞೆಯಾಯಿತು. ಪಲ್ಲವಿಗೂ ಹೇಳುವಂತಿರಲಿಲ್ಲ, ಹಬ್ಬದ ದಿನ ಅವಳೆದುರು ಹೋಳಿಗೆ ಬೇಡವೆನ್ನುವಂತೆಯೂ ಇರಲಿಲ್ಲ.

ನಡಿಗೆ ಕೂಡದು ಎಂದು ಮೊದಲ ದಿನವೇ ತೀರ್ಮಾನವಾಯಿತು. ನಮ್ಮೂರ ಮೈದಾನದಲ್ಲಿ ಬೆಳಗಿನ ಹೊತ್ತು ಸುತ್ತುವವರು ಪರಸ್ಪರ ನಮಸ್ಕಾರ ಹೇಳುವುದಿಲ್ಲ, "ಫಾಸ್ಟಿಂಗ್ ಎಷ್ಟು?" ಎನ್ನುತ್ತಾರೆ. ಉಳಿದದ್ದು ಸೈಕಲ್ಲು. ಪಲ್ಲವಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದವರು ಕೊಟ್ಟಿದ್ದ ಲೇಡೀಸ್ ಸೈಕಲ್ಲು ಹಿತ್ತಲಲ್ಲಿ ತೆಂಗಿನಗರಿಯ ಕೆಳಗೆ ತಪಸ್ಸು ಮಾಡುತ್ತಿತ್ತು. ಅದಕ್ಕೆ ಟೈರು ಟ್ಯೂಬು ಹಾಕಿಸಿದೆ. ಕೇಳಿದವರಿಗೆ ಏನು ಹೇಳುವುದು? "ಪರಿಸರ ಅನ್ನಿ" ಎಂದಳು ಗಿರಿಜಾ. ಅಂದೆ. ಆ ವರ್ಷ ಪರಿಸರ ದಿನಾಚರಣೆಗೆ ನನ್ನನ್ನೇ ಒಂದು ಶಾಲೆಗೆ ಭಾಷಣಕ್ಕೆ ಕರೆದರು. ಹೊಗೆಯ ದುಷ್ಪರಿಣಾಮಗಳ ಬಗ್ಗೆ ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಿದಾಗ ಹೆಡ್‌ಮೇಷ್ಟ್ರು ಶಾಲು ಹೊದಿಸಿ, ಎಲ್ಲರೆದುರು ಒಂದು ಜಿಲೇಬಿಯನ್ನು ನನ್ನ ಬಾಯಿಗೇ ಇಟ್ಟರು. ಪರಿಸರಪ್ರೇಮಿಯಾದವನು ಜಿಲೇಬಿ ಬೇಡವೆನ್ನಲು ಕಾರಣವಿಲ್ಲವಾದ್ದರಿಂದ ತಿಂದೆ.

ನಿಜವಾದ ತೊಡಕು ಇದೇ. ನಾನು ಹುಟ್ಟಿ ಬೆಳೆದ ಊರು ಕುದೇರು. ರೂಢಿಯ ದಾರಿ ಎಂದು ಮೊದಲು ಆ ಕಡೆಗೇ ಸೈಕಲ್ ತಿರುಗಿಸಿದೆ. ದಾರಿಯುದ್ದಕ್ಕೂ ಅಣ್ಣ, ಬಾವ, ಚಿಕ್ಕಪ್ಪ. "ಏನ್ಲಾ, ನಂಜುಂಡ, ಬಾಗ್ಲು ಮುಂದ್ಕೇ ಬಂದು ಅಂಗೇ ಓಯ್ತಿಯಾ? ಇಳಿ ಕೆಳಕ್ಕೆ!" ಎಂದು ಹ್ಯಾಂಡಲ್ಲನ್ನೇ ಹಿಡಿಯುತ್ತಿದ್ದರು. ನಮ್ಮ ಕಡೆ ಟೀ ಎಂದರೆ ಹಾಲು, ಟೀಸೊಪ್ಪು, ಸಕ್ಕರೆ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದ್ದು. ಸಕ್ಕರೆ ಬೇಡವೆಂದರೆ ಬೇರೆ ಪಾತ್ರೆ ಇಡಬೇಕು, ಬೇರೆ ಪಾತ್ರೆ ಇಟ್ಟರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಪ್ರಶ್ನೆ ಬಂದರೆ ಮಗಳ ಸಂಬಂಧ ಹೋಗುತ್ತದೆ. ಹಾಗಾಗಿ ಕುಡಿದೆ. ಟೀ ಜೊತೆಗೆ ಬಾಳೆಹಣ್ಣು, ಹಬ್ಬದ ಮಾರನೇ ದಿನವಾದರೆ ಕಜ್ಜಾಯ. ಸೈಕಲ್ ತುಳಿದು ಕರಗಿಸಿದ್ದನ್ನೆಲ್ಲ ಮುಂದಿನ ಮನೆಯವರು ಪ್ರೀತಿಯಿಂದ ತುಂಬಿಕೊಡುತ್ತಿದ್ದರು. ಮುಂದಿನ ಸಲ ಗುಂಡ್ಲುಪೇಟೆಗೆ ಹೋದಾಗ ಸುಗರ್ ಏರಿತ್ತು. "ನಿಜವಾಗ್ಲೂ ಸೈಕಲ್ ತುಳೀತಿದ್ದೀರಾ?" ಎಂದು ಡಾಕ್ಟರಮ್ಮ ಅನುಮಾನದಿಂದ ನೋಡಿದರು.

ನೆಂಟರಿಲ್ಲದ ರಸ್ತೆ ಬೇಕಾಗಿತ್ತು. ಹುಡುಕಿದಾಗ ಸಿಕ್ಕಿದ್ದು ಚಂದಕವಾಡಿ ರಸ್ತೆ. ಬೆಳಕು ಹರಿಯುವ ಮುಂಚೆ ಹೊರಟು, ಅರಿಸಿನದ ಹೊಲಗಳ ಪಕ್ಕದಲ್ಲಿ ಒಬ್ಬನೇ ತುಳಿಯುತ್ತಾ ಹೋಗುವುದರ ರುಚಿ ನನಗೇ ಗೊತ್ತಿಲ್ಲದಂತೆ ಹತ್ತಿತು. ಚಂದಕವಾಡಿಯ ಹತ್ತಿರ ಪುಟ್ಟತಾಯಮ್ಮ ಎಂಬ ಅಜ್ಜಿಯ ಟೀ ಅಂಗಡಿ. ಹಿಂದೆ ಮನೆ, ಮುಂದೆ ಬೆಂಚು. ಮೊದಲ ದಿನ ಆಕೆ ಕೊಟ್ಟ ಲೋಟವನ್ನು ಹಿಡಿದು ಕುಡಿಯಲೋ ಚೆಲ್ಲಲೋ ಎಂದು ಕೂತಿದ್ದೆ. ಆಕೆ ಒಂದು ಗಳಿಗೆ ನೋಡಿ, "ಸುಗರಾ?" ಎಂದಳು. ಪರಸ್ಥಳ, ಗುರುತಿಲ್ಲದ ಅಜ್ಜಿ. ಹೂಂ ಎಂದುಬಿಟ್ಟೆ. "ನಂಗೂ ಅದೆ ಕನಪ್ಪ. ಮೊದ್ಲೇ ಏಳಕಾಯ್ತಿರ್ನಿಲ್ವಾ?" ಎಂದು ಒಳಗೆ ಹೋಗಿ, ತನಗೆಂದು ಮಾಡಿಕೊಂಡಿದ್ದ ಸಕ್ಕರೆಯಿಲ್ಲದ ಟೀಯನ್ನೇ ಬೇರೆ ಲೋಟದಲ್ಲಿ ತಂದುಕೊಟ್ಟಳು. ಅಂದಿನಿಂದ ದಿನವೂ ಅದೇ. ನಾನು ಬ್ರೇಕ್ ಹಿಡಿಯುತ್ತಲೇ ಆಕೆ ಒಳಗೆ ಹೋಗುವಳು, "ನಿಮ್ಗೇಂತ ಮಡಗಿವ್ನಿ" ಎಂದು ಲೋಟ ತರುವಳು. ಇಡೀ ತಾಲ್ಲೂಕಿನಲ್ಲಿ ನಾನು ನಾನಾಗಿ ಕೂರಬಹುದಾದ ಜಾಗ ಆ ಬೆಂಚೊಂದೇ ಆಗಿತ್ತು.

ಸುಗರ್ ಇಳಿಯತೊಡಗಿತು. ಹೊಟ್ಟೆಯೂ ಇಳಿಯಿತು. ಹಳೆಯ ಅಂಗಿಗಳು ಗೂಟಕ್ಕೆ ಹಾಕಿದಂತೆ ಕಾಣುತ್ತವೆಂದು ಎರಡು ಹೊಸ ಅಂಗಿ ಹೊಲಿಸಿದೆ. ಮಧ್ಯಾಹ್ನ ಕಚೇರಿಯಲ್ಲಿ ಸೌತೆಕಾಯಿ ತಿನ್ನುತ್ತಾ ನನ್ನಷ್ಟಕ್ಕೆ ನಾನೇ ಖುಷಿಯಾಗಿರುತ್ತಿದ್ದೆ. ಇದೇ ಹೊತ್ತಿಗೆ ಗುಂಡ್ಲುಪೇಟೆಯಿಂದಲೇ ಒಂದು ಸಂಬಂಧ ಬಂತು. ಹುಡುಗ ಕಿರಣ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಬಂದರು, ನೋಡಿದರು, ಜಾತಕವೂ ಕೂಡಿತು. ಪಲ್ಲವಿ ಫೋನು ಹಿಡಿದು ಹಿತ್ತಲಿಗೆ ಹೋಗಿ ಮಾತಾಡುವುದು ಹೆಚ್ಚಾಯಿತು. ಅವಳು ಹಾಗೆ ನಗುವುದನ್ನು ಎಷ್ಟೋ ದಿನದಿಂದ ನೋಡಿರಲಿಲ್ಲ. ಈ ಸಂಬಂಧ ಮಾತ್ರ ತಪ್ಪದಿರಲಪ್ಪಾ ಎಂದು ನಾನು ಸೈಕಲ್ ಮೇಲೆಯೇ ಮಾದಪ್ಪನಿಗೆ ಮೊರೆಯಿಡುತ್ತಿದ್ದೆ.

ಮಾತುಕತೆಗೆ ಮುಂಚೆ ಗಂಡಿನ ಕಡೆಯವರು ಯಾರನ್ನಾದರೂ ಕಳಿಸಿ, ಹೆಣ್ಣಿನ ಮನೆಯ ಬೀದಿಯಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇವತ್ತಿಗೂ ಇದೆ. ಹುಡುಗನ ಸೋದರಮಾವ ಮಹದೇವಸ್ವಾಮಿ ಬಂದು, ನಮ್ಮ ಎದುರುಮನೆ ಬಸವಣ್ಣನನ್ನೇ ವಿಚಾರಿಸಿಕೊಂಡು ಹೋದರಂತೆ. ಬಸವಣ್ಣ ಕೆಟ್ಟವನಲ್ಲ, ಕಂಡದ್ದನ್ನು ಕಂಡ ಹಾಗೆಯೇ ಹೇಳುವವನು. ಅದೇ ಅವನ ಕೆಟ್ಟಬುದ್ಧಿ.

ಒಂದು ಸಂಜೆ ಪಲ್ಲವಿ ನನ್ನ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ಅಪ್ಪಾ, ಚಂದಕವಾಡಿಯಲ್ಲಿ ಯಾರಿದ್ದಾರೆ?"

ಕಿರಣ ಅವಳಿಗೆ ಫೋನಿನಲ್ಲಿ ಹೇಳಿದ್ದಿಷ್ಟು: ನಿಮ್ಮ ತಂದೆ ಸ್ವಂತ ಊರಿನ ದಾರಿ ಬಿಟ್ಟು ದಿನಾ ಕತ್ತಲಲ್ಲೇ ಚಂದಕವಾಡಿ ಕಡೆ ಹೋಗುತ್ತಾರಂತೆ. ಅಲ್ಲಿ ಒಬ್ಬಾಕೆ ಮನೆಯೊಳಗಿಂದ ಇವರಿಗೆಂದೇ ಬೇರೆ ಲೋಟದಲ್ಲಿ ಟೀ ತಂದುಕೊಡುತ್ತಾಳಂತೆ, ಎದುರುಮನೆಯವರು ಆ ದಾರಿಯಲ್ಲಿ ಬೈಕಿನಲ್ಲಿ ಹೋಗುವಾಗ ಕಣ್ಣಾರೆ ಕಂಡರಂತೆ. ಇತ್ತೀಚೆಗೆ ಊಟ ಸೇರುವುದಿಲ್ಲವಂತೆ, ಸಣ್ಣಗಾಗಿದ್ದಾರಂತೆ, ಹೊಸ ಅಂಗಿಯಂತೆ, ಒಬ್ಬೊಬ್ಬರೇ ನಗುತ್ತಾರಂತೆ, ತಿಂಗಳಿಗೊಮ್ಮೆ ಯಾರಿಗೂ ಹೇಳದೆ ಎಲ್ಲಿಗೋ ಬಸ್ಸು ಹತ್ತುತ್ತಾರಂತೆ. 'ಇನ್ನೊಂದು ಸಂಸಾರ ಮಡಗವ್ರೆ' ಎಂದು ಸೋದರಮಾವ ಹೇಳಿದ್ದರಿಂದ ಮನೆಯವರೆಲ್ಲ ಹಿಂಜರಿಯುತ್ತಿದ್ದಾರಂತೆ. ಕೂತು ಯೋಚಿಸಿದರೆ ಡಾಕ್ಟರಮ್ಮ ಹೇಳಿಕೊಟ್ಟ ಒಂದೊಂದು ಒಳ್ಳೆಯ ಅಭ್ಯಾಸವೂ ಎರಡನೇ ಸಂಸಾರದ ಒಂದೊಂದು ಗುರುತಾಗಿತ್ತು. ಮಗಳ ಮುಖ ನೋಡಲಾಗಲಿಲ್ಲ. ಅವಳ ಸುಖವನ್ನು ಕಾಯುತ್ತೇನೆಂದು ಹೊರಟು ನಾನೇ ಹಾಳುಮಾಡಿದೆನಲ್ಲ ಎಂದು ಸಂಕಟವಾಯಿತು. ಗಿರಿಜಾಳ ಕಡೆ ನೋಡಿದೆ. ಹೇಳಬೇಡಿ ಎಂದು ಅವಳು ಕಣ್ಣಲ್ಲೇ ಸನ್ನೆ ಮಾಡಿದಳು. ಹೇಳದೆ ಗತಿಯಿರಲಿಲ್ಲ, ಪಲ್ಲವಿಗೆ ಹೇಳಿದೆ. ಅವಳು "ಇಷ್ಟು ದಿನ ನಮ್ಮ ಮುಂದೆ ಹೋಳಿಗೆ ತಿಂದ್ರಲ್ಲಪ್ಪಾ!" ಎಂದು ಅತ್ತಳು. ನಾನೂ ಅತ್ತೆ. ಹೋಳಿಗೆ ನೆನಪಾಗಿಯೋ ಏನೋ.

ಆ ಭಾನುವಾರ ಮಹದೇವಸ್ವಾಮಿಯವರೇ ನೇರ ಕೇಳಿಬಿಡೋಣವೆಂದು ಕಾರಿನಲ್ಲಿ ಬಂದರು. ಬಂದವರು ಕೂತರು, ಆದರೆ ಗಿರಿಜಾ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ಹೆಣ್ಣಿನ ಮನೆಯಲ್ಲಿ ನೀರು ಮುಟ್ಟದಿದ್ದರೆ ಮಾತು ಮುರಿಯಲು ಬಂದಿದ್ದಾರೆಂದೇ ಅರ್ಥ. "ತಪ್ಪು ತಿಳ್ಕಬೇಡಿ ನಂಜುಂಡಪ್ನೋರೇ. ಹೆಣ್ಣೇನೋ ಬಂಗಾರ. ಆದ್ರೆ ಆ ಚಂದಕವಾಡಿ ಇಚಾರ..." ಎಂದು ನಿಲ್ಲಿಸಿದರು. ಎದುರುಮನೆಯ ಜಗಲಿಯಲ್ಲಿ ಬಸವಣ್ಣ ಪೇಪರನ್ನು ಕೈಯಲ್ಲಿ ಹಿಡಿದು ಕಿವಿಯನ್ನು ನಮ್ಮ ಮನೆಗೆ ಕಳಿಸಿದ್ದ. ಗಿರಿಜಾ ಒಮ್ಮೆ ನೀರಿನ ಲೋಟ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಸಕ್ಕರೆಯಿರುವ ಗಂಡ ವಾಸಿಯೋ, ಸವತಿಯಿರುವ ಗಂಡ ವಾಸಿಯೋ ಎಂದು ತೂಗಿದಂತಿತ್ತು. ಸರ್ರನೆ ಎದ್ದು ಬಾಗಿಲಿಗೆ ಹೋಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ನಮ್ಮ ಯಜಮಾನ್ರಿಗೆ ಸುಗರ್ ಕಣ್ರೋ, ಸುಗರ್! ಬೇರೆ ಏನೂ ಇಲ್ಲ!"

ಸೋದರಮಾವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಅಂಗಾದ್ರೆ ಒಂದ್ಸಲ ಓಗಿ ನೋಡ್ಕಬರನ" ಎಂದರು. ಎಲ್ಲರೂ ಅವರ ಕಾರಿನಲ್ಲಿ ಚಂದಕವಾಡಿಗೆ ಹೊರಟೆವು. ಪುಟ್ಟತಾಯಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕು, "ಇವತ್ತೇನು ಸೈಕಲ್ ಬುಟ್ಟು ದಿಬ್ಬಣ ಕಟ್ಕೊಂಡು ಬಂದ್ರಿ?" ಎಂದಳು. ಎಪ್ಪತ್ತು ದಾಟಿದ ನನ್ನ ಎರಡನೇ ಸಂಸಾರವನ್ನು ನೋಡಿ ಮಹದೇವಸ್ವಾಮಿಯವರ ಮುಖ ಕೆಂಪಾಯಿತು. ಅಜ್ಜಿ ಗಿರಿಜಾಳಿಗೆ, "ನಿನ್ ಗಂಡನೇನವ್ವ? ಒಳ್ಳೇವ್ರು ಕನ. ಪಾಪ, ಸಕ್ಕರ ಬ್ಯಾಡ ಅನ್ನಕೂ ಎದರ್ಕತಾರೆ" ಎಂದು ಸರ್ಟಿಫಿಕೇಟು ಕೊಟ್ಟು, ಎಲ್ಲರಿಗೂ ಟೀ ಬಗ್ಗಿಸತೊಡಗಿದಳು. ಸೋದರಮಾವನ ಲೋಟ ತುಂಬಿಸುವಾಗ ಅವರು ಅತ್ತಿತ್ತ ನೋಡಿ, ಬಗ್ಗಿ, "ನಂಗೂ... ಆ ಒಳಗಿನ ಟೀನೇ ಇದ್ರೆ ಕೊಡವ್ವ" ಎಂದರು. ನಾನು ನೋಡಿಯೂ ನೋಡದವನಂತೆ ಅರಿಸಿನದ ಹೊಲದ ಕಡೆ ತಿರುಗಿದೆ. ಬೀಗರಾಗುವವರ ಗುಟ್ಟನ್ನು ಕಾಪಾಡುವುದು ನಮ್ಮ ಧರ್ಮ.

ಮುಂದಿನ ತಿಂಗಳು ನಿಶ್ಚಿತಾರ್ಥವಾಯಿತು. ಡಾಕ್ಟರಮ್ಮ ಇನ್ಸುಲಿನ್ನಿನ ಮಾತೆತ್ತುವುದನ್ನು ಬಿಟ್ಟಿದ್ದಾರೆ. ಎಲ್ಲವೂ ಸುಖಾಂತವೇ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಳಗೊಳಗೇ ಒಂದು ಕೊರಗು ಉಳಿದಿದೆ. ಗಾಳಿಸುದ್ದಿ ಹಬ್ಬಿದ್ದ ಆ ಕೆಲವು ದಿನ ಕಚೇರಿಯಲ್ಲಿ ನಾನು ಒಳಗೆ ಬಂದರೆ ಜನ ತಲೆಯೆತ್ತಿ ನೋಡುತ್ತಿದ್ದರು. ಆ ನೋಟದಲ್ಲಿ ಬೈಗುಳದ ಜೊತೆ ಒಂದಿಷ್ಟು ಬೆರಗೂ ಇತ್ತು. ಈಗ ಸೌತೆಕಾಯಿ ಬಿಚ್ಚಿದರೆ "ಫಾಸ್ಟಿಂಗ್ ಎಷ್ಟು ಸಾರ್?" ಎನ್ನುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ತಡೆಯಲಾರದೆ ಗಿರಿಜಾಳನ್ನು ಕೇಳಿಯೇಬಿಟ್ಟೆ. "ಊರೆಲ್ಲ ನಂಬಿತ್ತಲ್ಲ. ನಿನಗೆ ಒಂದು ಗಳಿಗೆಯಾದರೂ ಅನುಮಾನ ಬಂದಿತ್ತೇನೇ?"

"ಚೂರೂ ಇಲ್ಲ" ಎಂದಳು.

ಎಂಥ ನಂಬಿಕೆ ಎಂದು ನನ್ನ ಕಣ್ಣು ತುಂಬಿ ಬರುವುದರಲ್ಲಿತ್ತು. ಅವಳು ಸಾರು ಬಿಡುತ್ತಾ ಮಾತು ಮುಂದುವರಿಸಿದಳು. "ಇನ್ನೊಂದು ಮನೆ ಅಂತ ಇದ್ದಿದ್ರೆ ನೀವು ಅಲ್ಲೂ ಊಟ ಮಾಡ್ಕೊಂಡೇ ಬರ್ತಿದ್ರಿ. ಸಣ್ಣಗೆ ಎಲ್ಲಾಗ್ತಿದ್ರಿ?"

ನಾನು ಇನ್ನೊಂದು ಮುದ್ದೆ ಕೇಳಿದೆ. ಕೊಡಲಿಲ್ಲ.