ಲಾಟರಿ ಸಾಹೇಬರಿಗೆ, ನಮ್ಮ ಕುದುರೆ ಮಾರದೆ ಉಳಿದ ಬಗ್ಗೆ

ವಿಶ್ವ ಈಮೇಲ್ ಭಾಗ್ಯ ಲಾಟರಿಯ ಮುಖ್ಯ ಬಹುಮಾನ ಅಧಿಕಾರಿಗಳಾದ ಡಾಕ್ಟರ್ ಸರ್ ಕ್ಲೆಮೆಂಟ್ ಗುಡ್‌ಹಾರ್ಟ್ ಅವರ ಸನ್ನಿಧಿಗೆ, ನಾರಿನ್ ಸೀಮೆಯ ಒಂದು ಹಳ್ಳಿಯಿಂದ ಜೂರಾ ಎಂಬವಳು ಮಾಡುವ ನಮಸ್ಕಾರಗಳು.

ಮಾನ್ಯರೇ,

ಈಗ ಸಂಜೆ ಏಳೂವರೆ. ಇವತ್ತು ಬೆಳಿಗ್ಗೆ ರೊಟ್ಟಿ ಬೇಯಿಸಿದೆ, ಉಣ್ಣೆ ತೊಳೆದು ಬೇಲಿಯ ಮೇಲೆ ಹರವಿದೆ. ಮಧ್ಯಾಹ್ನ ನಮ್ಮ ಕಂದು ಕುದುರೆಯನ್ನು ಕೊಂಡೊಯ್ಯಲು ಒಂದು ಲಾರಿ ಬಂತು. ಮೂರು ಗಂಟೆಗೆ ಆ ಲಾರಿ ಖಾಲಿಯಾಗಿಯೇ ಹಿಂದಿರುಗಿತು. ಲಾರಿ ಬಂದದ್ದಕ್ಕೂ ಹೋದದ್ದಕ್ಕೂ ತಾವೇ ಕಾರಣರಾದ್ದರಿಂದ, ಎಂಟನೇ ತರಗತಿಯವರೆಗೆ ಮಾತ್ರ ಓದಿ, ದಿನಚರಿ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲದ ನಾನು, ತಮ್ಮಂಥ ದೊಡ್ಡವರಿಗೆ ಈ ದೂರನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಕೃತಜ್ಞತೆ. ನನ್ನ ಗಂಡ ಜಾನಿಶ್ ಈ ಸೀಮೆಯ ದನದ ಡಾಕ್ಟರಾಗಿದ್ದರು. ಕಳೆದ ಶರತ್ಕಾಲದಲ್ಲಿ ತೀರಿಕೊಂಡರು. ಅವರ ಫೋನನ್ನು ನಾನು ದಿನವೂ ಚಾರ್ಜಿಗೆ ಹಾಕುತ್ತೇನೆ. ಏಳು ತಿಂಗಳು ಅದು ಸದ್ದು ಮಾಡಿರಲಿಲ್ಲ. ಹೋದ ಸೋಮವಾರ ನಾನು ಹಿಟ್ಟು ನಾದುತ್ತಿದ್ದಾಗ ಅದು ಟಿಂಗ್ ಎಂದಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಅವರ ಇಲಾಖೆಯವರೇ ಮರೆತಿದ್ದ ಮನುಷ್ಯನನ್ನು ‘ಓ ಪ್ರೀತಿಯ ಗೆದ್ದ ಗಂಡಸೇ’ ಎಂದು ನಮ್ಮ ಭಾಷೆಯಲ್ಲೇ ಕಷ್ಟಪಟ್ಟು ಕರೆದವರು ತಾವು. ಆ ಒಂದು ಸದ್ದಿಗಾಗಿ ನಾನು ತಮಗೆ ಋಣಿ. ಉಳಿದದ್ದಕ್ಕೆ ಅಲ್ಲ.

ಅವರು ಕೊಳ್ಳದೇ ಇದ್ದ ಟಿಕೆಟ್ಟಿಗೆ, ಅವರು ಕೇಳದೇ ಇದ್ದ ಲಾಟರಿಯಲ್ಲಿ, ಒಂಬತ್ತು ಲಕ್ಷ ಡಾಲರು ಬಂದಿದೆ ಎಂದು ತಾವು ತಿಳಿಸಿದಿರಿ. ಇಷ್ಟು ದೊಡ್ಡ ಸಂಸ್ಥೆಯಾದರೂ ಆಡಂಬರವಿಲ್ಲದೆ, ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆಯಬಹುದಾದ, ಹೆಸರಿನ ಹಿಂದೆ ಏಳು ಅಂಕಿಗಳಿರುವ ವಿಳಾಸದಿಂದ ಬರೆಯುವ ತಮ್ಮ ಸರಳತೆಗೆ ತಲೆಬಾಗುತ್ತೇನೆ. ‘ಗೆದ್ದವರು ಮಣ್ಣಿನಲ್ಲಿದ್ದಾರೆ’ ಎಂದು ನಾನು ಉತ್ತರ ಬರೆದಾಗ, ಆರೇ ನಿಮಿಷದಲ್ಲಿ ‘ಅಭಿನಂದನೆಗಳು, ದಿವಂಗತರು ತಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ನಗುಮುಖದ ಫೋಟೋವನ್ನೂ ಕಳಿಸತಕ್ಕದ್ದು’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆ ನಗುಮುಖಕ್ಕಾಗಿ ನಾನೂ ಕಾಯುತ್ತಿದ್ದೇನೆ ಸ್ವಾಮಿ, ಸಿಕ್ಕರೆ ಮೊದಲು ತಮಗೇ ತಿಳಿಸುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ತಾವು ಎಂಟುನೂರು ಡಾಲರು ಬಿಡುಗಡೆ ಶುಲ್ಕ ಕೇಳಿದಿರಿ, ಅದೂ ನಲವತ್ತೆಂಟು ಗಂಟೆಯೊಳಗೆ. ನಮ್ಮಲ್ಲಿ ಅದು ಮರಿ ಹಾಕಿದ ಒಂದು ಒಳ್ಳೆಯ ಹೆಣ್ಣು ಕುದುರೆಯ ಬೆಲೆ. ಬೇರೆ ಯಾವ ದೇಶದವರಾದರೂ ಇಲ್ಲಿ ಅನುಮಾನಪಡುತ್ತಿದ್ದರೇನೋ. ನಮ್ಮತ್ತೆಗೆ ನಂಬಿಕೆ ಬಂದದ್ದೇ ಇಲ್ಲಿ. ಯಾಕೆಂದರೆ ನಮ್ಮಲ್ಲಿ ಸಿಹಿ ಸುದ್ದಿ ತಂದವರು ಬಾಗಿಲಲ್ಲಿ ನಿಂತು ‘ಸುಯುಂಚು’ ಎಂದು ಕೂಗುತ್ತಾರೆ, ಅಂದರೆ ಸುದ್ದಿಯ ಉಡುಗೊರೆ ಕೊಡಿ ಎಂದರ್ಥ. ಮೊದಲು ಉಡುಗೊರೆ, ಆಮೇಲೆ ಸುದ್ದಿ. ಜಾನಿಶ್ ಸೈನ್ಯದಿಂದ ಹಿಂದಿರುಗಿದ ದಿನ ಅಂಚೆಯವಳು ಓಡಿಬಂದು ಕೂಗಿದಾಗ, ಅತ್ತೆ ಕಾಲಲ್ಲಿದ್ದ ಬೂಟುಗಳನ್ನೇ ಬಿಚ್ಚಿಕೊಟ್ಟು, ಹಿಮದಲ್ಲಿ ಬರೀ ಕಾಲುಚೀಲದಲ್ಲಿ ನಿಂತು ಮಗನನ್ನು ಎದುರುಗೊಂಡಿದ್ದರಂತೆ.

‘ಅತ್ತೆ, ಇದು ಮೋಸ. ದುಡ್ಡು ಕೊಡೋರು ಯಾರಾದ್ರೂ ಮೊದಲು ದುಡ್ಡು ಕೇಳ್ತಾರಾ?’ ಎಂದೆ.

‘ಕೇಳದೇ ಏನು? ಬರಿಗೈಲಿ ಯಾರು ಸುದ್ದಿ ಹೇಳ್ತಾರೆ? ಸುಯುಂಚು ಕೊಡದ ಮನೆ ಅಂತ ನಮ್ಮನ್ನ ಆಡಿಕೊಳ್ಬೇಕಾ?’

‘ಆ ಶುಲ್ಕ ಬಹುಮಾನದಲ್ಲೇ ಮುರ್ಕೊಳ್ಳಿ ಅಂತ ಬರೆದೆ. ಆಗಲ್ಲ ಅಂದ್ರು.’

‘ಮತ್ತೆ? ಉಡುಗೊರೇಲಿ ಯಾರಾದ್ರೂ ಚೌಕಾಸಿ ಮಾಡ್ತಾರೇನೇ? ನನ್ನ ಮಗನ ಹೆಸರಲ್ಲಿ ಬಂದಿರೋದು ಅದು.’

ಮಗನ ಹೆಸರಲ್ಲಿ ಏಳು ತಿಂಗಳಿಂದ ಅವರಿಗೆ ಏನೂ ಬಂದಿರಲಿಲ್ಲ. ಕುದುರೆ ವ್ಯಾಪಾರದ ಸೇಗಿಜ್‌ಬಾಯ್‌ಗೆ ಅವರೇ ಹೇಳಿಕಳಿಸಿದರು. ತಮಗೆ ಗೊತ್ತಿರಲಿ, ಆ ಕಂದು ಕುದುರೆ ಎಂಟು ವರ್ಷದ ಹಿಂದೆ ತಾಯಿಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದಾಗ, ನನ್ನ ಗಂಡ ಅಂಗಿಯ ತೋಳು ಮಡಿಸಿ ಹೊರಗೆಳೆದ ಜೀವ. ಮನೆಯಲ್ಲಿ ಅವರ ಕೈಯ ಗುರುತು ಎಂದು ಉಳಿದಿರುವುದು ಅದೊಂದೇ. ಈ ಬೇಸಿಗೆ ನಾವಿಬ್ಬರು ಬದುಕಬೇಕಾದದ್ದೂ ಅದರ ಹಾಲನ್ನು ಕುಡಿದು, ಮಾರಿಯೇ.

ಇವತ್ತು ಲಾರಿಯ ಹಿಂಬಾಗಿಲು ತೆರೆದಿತ್ತು. ಹಗ್ಗ ಅತ್ತೆಯ ಕೈಯಲ್ಲಿತ್ತು, ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡು ನಿಂತಿತ್ತು. ಅಷ್ಟರಲ್ಲಿ ಫೋನು ಮತ್ತೆ ಟಿಂಗ್ ಎಂದಿತು. ತಮ್ಮ ಮೂರನೇ ಪತ್ರ.

‘ಓದೇ, ದುಡ್ಡು ಎಲ್ಲಿಗೆ ಕಳಿಸ್ಬೇಕಂತೆ?’ ಎಂದರು ಅತ್ತೆ.

ನಾನು ಮೊದಲಿನಿಂದ ಓದಿದೆ. ಸೇಗಿಜ್‌ಬಾಯ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಾ ಕೇಳುತ್ತಿದ್ದ. ‘ಈ ಬಹುಮಾನದ ವಿಷಯವನ್ನು ಮನೆಯವರಿಗೂ ನೆರೆಯವರಿಗೂ ಬ್ಯಾಂಕಿನವರಿಗೂ ತಿಳಿಸದೆ ಗುಟ್ಟಾಗಿ ಇಡತಕ್ಕದ್ದು’ ಎಂಬಲ್ಲಿಗೆ ಬಂದಾಗ ಅತ್ತೆ ಕೈಯೆತ್ತಿದರು.

‘ಇನ್ನೊಂದ್ಸಲ ಓದು.’

ಓದಿದೆ.

‘ಯಾರಿಗೂ ಹೇಳ್ಬೇಡಿ ಅಂತಾನಾ?’

‘ಹೌದು ಅತ್ತೆ.’

ಅವರು ಹಗ್ಗ ಹಿಡಿದು ಕುದುರೆಯನ್ನು ಲಾರಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಎಳೆದರು. ಆಮೇಲೆ ಮೆಲ್ಲಗೆ ಹೇಳಿದರು: ‘ಆ ಅಂಚೆಯವಳು ಕೂಗಿದ್ದು ನದಿಯಾಚೆಗೂ ಕೇಳಿತ್ತು. ಹೋದ ವರ್ಷ ಅವನು ಹೋದ ಅಂತ ಹೇಳೋಕೆ ನಾಲ್ಕು ಜನ ಬಂದ್ರಲ್ಲ, ಕೂತು ಚಹಾ ಕುಡಿದು, ಕೆಮ್ಮಿ, ಪಿಸುಪಿಸು ಅಂದು... ಪಿಸುಮಾತಲ್ಲಿ ಹೇಳೋದು ಸಾವಿನ ಸುದ್ದಿ ಕಣೇ. ಸಂತೋಷದ ಸುದ್ದಿಗೆ ಯಾರು ಬಾಯಿಗೆ ಬೀಗ ಹಾಕ್ತಾರೆ?’

ಹಗ್ಗವನ್ನು ನನ್ನ ಕೈಗೆ ಕೊಟ್ಟರು.

‘ಅಮ್ಮ, ಲಾರಿ ತಂದಿದ್ದೀನಲ್ಲ. ಡೀಸೆಲ್ ದುಡ್ಡು ಯಾರು ಕೊಡ್ತಾರೆ?’ ಎಂದ ಸೇಗಿಜ್‌ಬಾಯ್.

‘ಆ ಲಾಟರಿ ಡಾಕ್ಟರ್ ಹತ್ರ ಇಸ್ಕೊಳ್ಳೋ. ಒಂಬತ್ತು ಲಕ್ಷ ಇಟ್ಕೊಂಡು ತಗೊಳ್ಳೋರಿಲ್ಲದೆ ಕೂತಿದ್ದಾನೆ ಪಾಪ. ವಿಳಾಸ ನನ್ನ ಸೊಸೆ ಬರೆದುಕೊಡ್ತಾಳೆ.’

ಅದಾದ ಮೇಲೆ ಅತ್ತೆ ರಸ್ತೆಗಿಳಿದು, ತಾವು ಇಡಹೇಳಿದ ಗುಟ್ಟನ್ನು ಬೀದಿಯ ಎರಡೂ ಕೊನೆಗೆ ಕೇಳುವಂತೆ ಹೇಳಿದರು. ಅದರಿಂದ ಒಂದು ಸೋಜಿಗ ಹೊರಬಿತ್ತು. ನಮ್ಮ ಒಂದೇ ಬೀದಿಯಲ್ಲಿ ತಮ್ಮ ಮೊದಲನೇ ಬಹುಮಾನ ಗೆದ್ದವರು ನಾಲ್ಕು ಜನ, ನಾಲ್ವರಿಗೂ ಒಂದೇ ಟಿಕೆಟ್ ಸಂಖ್ಯೆ. ಬ್ರೆಡ್ ಅಂಗಡಿಯವಳು ಬಹುಮಾನದಲ್ಲಿ ಕೊಳ್ಳುವ ಕಾರಿನ ಬಣ್ಣವನ್ನೂ ಗೊತ್ತು ಮಾಡಿಕೊಂಡಿದ್ದಳು. ಎಲ್ಲರೂ ನಕ್ಕರು, ಗಣಿತದ ಮೇಷ್ಟ್ರೊಬ್ಬರನ್ನು ಬಿಟ್ಟು. ಅವರು ಎರಡು ವಾರದ ಹಿಂದೆಯೇ ಶುಲ್ಕ ಕಳಿಸಿದ್ದರು, ಗುಟ್ಟು ಕಾಪಾಡಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ. ಅತ್ತೆ ಅವರನ್ನು ಒಳಗೆ ಕರೆದು, ನಾಚಿಕೆ ಪಡಬೇಕಾದವನು ಅವನು, ನೀವಲ್ಲ ಎಂದು ಚಹಾ ಕೊಟ್ಟರು. ತಾವು ಬರೆದ ಪತ್ರಗಳನ್ನೆಲ್ಲ ಮೇಷ್ಟ್ರು ಬ್ಯಾಂಕಿಗೂ ಪೊಲೀಸರಿಗೂ ತೋರಿಸಲು ಒಪ್ಪಿದ್ದಾರೆ. ತಮ್ಮ ಕೀರ್ತಿ ಹಬ್ಬಲಿ ಎಂಬ ಒಂದೇ ಆಸೆಯಿಂದ.

ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ತಾವು ಒಂಬತ್ತು ಲಕ್ಷವನ್ನು ಚೀಲದಲ್ಲಿ ತುಂಬಿ ಸ್ವತಃ ನಮ್ಮ ಮನೆಗೆ ಬರಬೇಕು. ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಸುಯುಂಚು ಕೂಗಬೇಕು. ಕೂಗಿದರೆ ಅತ್ತೆ ಕಾಲಲ್ಲಿರುವ ಬೂಟುಗಳನ್ನು ಬಿಚ್ಚಿಕೊಡಲು ಈಗಲೂ ತಯಾರಿದ್ದಾರೆ, ಕೊಡುವ ಬಗೆಯನ್ನು ಮಾತ್ರ ಅವರ ಇಷ್ಟಕ್ಕೆ ಬಿಡಬೇಕು. ಗೌರವದ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ತಮಗೇ ಬಡಿಸುತ್ತೇವೆ. ಮೇಷ್ಟ್ರು ಪಕ್ಕದಲ್ಲೇ ಕೂತು ಲೆಕ್ಕ ಹೇಳಿಕೊಡುತ್ತಾರೆ.

ತಮ್ಮ ಪತ್ರಗಳನ್ನು ಇನ್ನು ಮುಂದೆ ಗಟ್ಟಿಯಾಗಿ ಓದಿ ಹೇಳುವ,
ತಮ್ಮ ವಿಶ್ವಾಸಿ,
ಜಾನಿಶನ ಹೆಂಡತಿ ಜೂರಾ

ಮರೆತಿದ್ದ ಮಾತು: ಗುಟ್ಟಾಗಿಡಬೇಕೆಂದು ತಾವು ಕೇಳಿಕೊಂಡಿದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಬ್ರೆಡ್ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಉತ್ತರ ಬರೆಯುವುದಿದ್ದರೆ ಈ ರಾತ್ರಿಯೇ ಬರೆಯಿರಿ. ನಾಳೆ ಬೆಳಿಗ್ಗೆ ಐದಕ್ಕೆ ನಾನೂ ಅತ್ತೆಯೂ ಕುದುರೆ ಮತ್ತು ಮರಿಯನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತೇವೆ. ಅಲ್ಲಿ ಸಿಗ್ನಲ್ ಇಲ್ಲ.