ಮಣೆಗೆ ಐದು ಸಾವಿರದ ಇನ್ನೂರ ಇಪ್ಪತ್ತೈದು ರೂಪಾಯಿ

ನಾನು ಮಾಡಿದ ತಪ್ಪು ಇಷ್ಟೇ. ಕೂತ್ಕೊಳ್ಳೋ ಮಣೆಗೂ ಆರಡಿ ಎತ್ತರದ ಬೀರಿಗೂ ಶೆಡ್ಡಿನ ಖರ್ಚು ಒಂದೇ ಸಮ ಹಾಕ್ದೆ. ಕೇಳೋಕೆ ಸಣ್ಣದು. ಆದ್ರೆ ಈಗ್ಲೂ ನಾನು ಸಾಗರದಲ್ಲಿ ಚಾ ಕುಡಿಯೋಕೆ ಹೋದ್ರೆ ಒಬ್ಬರಲ್ಲ ಒಬ್ಬರು "ಬಂದ್ರಾ ಮಣೆ ಮ್ಯಾನೇಜರು" ಅಂತ ಬೆಂಚಲ್ಲಿ ಸರಿದು ಜಾಗ ಕೊಡ್ತಾರೆ.

ನನ್ನ ಸೋದರಮಾವ ತಿಮ್ಮಪ್ಪಂದು ಸಾಗರದಲ್ಲಿ ಒಂದು ಫರ್ನಿಚರ್ ಶೆಡ್ಡು. ಮೂರು ಜನ ಬಡಗಿಗಳು, ಅವ್ರಲ್ಲಿ ಹಿರಿಯರು ಸೀನಾಚಾರ್ರು. ನಾನು ಹೊಸನಗರದಲ್ಲಿ ಬಿ.ಕಾಂ. ಮುಗಿಸಿ, ಮನೇಲಿ ಅಮ್ಮನಿಗೆ ಜಾಗ ಕಮ್ಮಿ ಬಿದ್ದಿದ್ದಕ್ಕೆ ಇಲ್ಲಿಗೆ ಬಂದೋನು. ಮಾವ ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಮಳಿಗೆ ನೋಡಿಟ್ಟಿದ್ದ. ಮದುವೆ ಸೀಸನ್ನಿನ ಲಾಭದಲ್ಲಿ ಅದಕ್ಕೆ ಅಡ್ವಾನ್ಸ್ ಕೊಟ್ಟು ಅಂಗಡಿ ಹಾಕೋದು, ಅಲ್ಲಿಗೆ ನಾನೇ ಮ್ಯಾನೇಜರು. ಇದು ಮಾವನ ಬಾಯಿಂದ ಬಿದ್ದ ಅರ್ಧ ಗಂಟೆಯಲ್ಲಿ ನಮ್ಮಮ್ಮ ಹೊಸನಗರ ತಾಲ್ಲೂಕಿಗೆಲ್ಲ ಫೋನ್ ಮಾಡಿ ಮುಗಿಸಿದ್ರು.

ಮ್ಯಾನೇಜರ್ ಆಗೋ ಮೊದಲು ಒಂದು ಸುಧಾರಣೆ ಮಾಡಿ ತೋರಿಸ್ಬೇಕಲ್ಲ. ಶೆಡ್ಡಲ್ಲಿ ರೇಟು ಹೇಳೋ ಪದ್ಧತಿ ನೋಡಿ ನನ್ನ ವಿದ್ಯಾವಂತ ಆತ್ಮಕ್ಕೆ ಬಹಳ ನೋವಾಗಿತ್ತು. ಗಿರಾಕಿ ಬಂದು ಒಂದು ಬೀರಿಗೆ ಎಷ್ಟಾಗುತ್ತೆ ಅಂತ ಕೇಳ್ತಾರೆ. ಮಾವ ಅವ್ರ ಮುಖ ಬಿಟ್ಟು ಸೀನಾಚಾರ್ರ ಕಡೆ ತಿರುಗಿ, "ಎಷ್ಟು ಕವಳ?" ಅಂತಾನೆ. ಆಚಾರ್ರು ತಲೆ ಎತ್ತಿ ಮಾಡಿನ ಹಂಚು ನೋಡಿ, "ನಲವತ್ತು" ಅಂತಾರೆ. ಮಾವ ಗಿರಾಕಿಗೆ "ಇಪ್ಪತ್ತೆಂಟು ಸಾವಿರ" ಅಂತಾನೆ. ಮುಗೀತು! ಗಿರಾಕಿ ನಿಂತಿರುವಾಗ ಇವರಿಗೆ ಎಲೆ ಅಡಿಕೆ ಚಿಂತೆ. ಈ ದೇಶ ಹೆಂಗೆ ಮುಂದೆ ಬರುತ್ತೆ?

ಒಂದು ತಿಂಗಳು ರೇಟು ಹಾಕೋ ಕೆಲಸ ನಂಗೆ ಕೊಡು ಅಂತ ಮಾವನ್ನ ಹಿಡ್ಕೊಂಡೆ. ಮಾವ ಆ ತಿಂಗಳು ಮೇಗರವಳ್ಳಿಯಲ್ಲಿ ಒಂದು ಹೊಸ ಮನೆಗೆ ಬಾಗಿಲು, ಕಿಟಕಿ ಕೂರಿಸೋಕೆ ಹೊರಟಿದ್ದ. ಬಸ್ಸಿಗೆ ಹೊತ್ತಾಗಿತ್ತು. ಆ ಗಡಿಬಿಡೀಲಿ ಹೂಂ ಅಂದುಬಿಟ್ಟ.

ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ಮರ, ಕೂಲಿ ಬಿಟ್ಟು ಉಳಿದ ಖರ್ಚು ಅಂದ್ರೆ ಬಾಡಿಗೆ, ಕರೆಂಟು, ಮಿಷನ್ ರಿಪೇರಿ, ಗಮ್ಮು, ಚಾ, ನನ್ನ ಸಂಬಳ, ಎಲ್ಲ ಸೇರಿ ತಿಂಗಳಿಗೆ ಮೂವತ್ತಾರು ಸಾವಿರ. ತಿಂಗಳಿಗೆ ಅರವತ್ತು ಸಾಮಾನು ಹೊರಗೆ ಹೋಗ್ತವೆ. ಭಾಗಿಸಿದೆ. ಒಂದೊಂದಕ್ಕೆ ಆರುನೂರು! ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಕೂಡಲೇ ಗೋಡೆಗೆ ಒಂದು ಚೀಟಿ ಅಂಟಿಸಿದೆ: "ಸದರಿ ಶೆಡ್ಡಿನ ಸಮಸ್ತ ಓವರ್‌ಹೆಡ್ ವೆಚ್ಚವನ್ನು ಎಲ್ಲಾ ಸಾಮಾನುಗಳಿಗೂ ಯಾವುದೇ ಭೇದಭಾವವಿಲ್ಲದೆ ಸಮಾನವಾಗಿ ಹಂಚಲಾಗುವುದು."

ಸೀನಾಚಾರ್ರನ್ನ ಕೂರಿಸಿ ಪಾಠಾನೂ ಮಾಡ್ದೆ. ಓವರ್‌ಹೆಡ್ ಅಂದ್ರೆ ಯಾವ ಸಾಮಾನಿನ ಒಳಗೂ ಕಾಣ್ದೆ, ಆದ್ರೂ ತಿಂಗಳು ತಿಂಗಳು ದುಡ್ಡು ತಿನ್ನೋ ಅಂಥದ್ದು, ಅದನ್ನ ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ ಹಾಕ್ಬೇಕು ಅಂತ. ಅವ್ರ ಬಾಯಲ್ಲಿ ಕವಳ ತುಂಬಿತ್ತು. "ಹೂಂ" ಅಂದ್ರು. ಅರ್ಥ ಆಗಿಲ್ಲ ಪಾಪ ಅಂದ್ಕೊಂಡೆ.

ಹೊಸ ರೇಟು ಜಾರಿಗೆ ಬಂತು. ಮುನ್ನೂರೈವತ್ತಕ್ಕೆ ಹೋಗ್ತಿದ್ದ ಮಣೆ, ಮರ ಕೂಲಿ ಇನ್ನೂರೈವತ್ತು, ಅದಕ್ಕೆ ಆರುನೂರು, ಮೇಲೆ ನೂರಕ್ಕೆ ಹತ್ತು ಲಾಭ, ಒಟ್ಟು ಒಂಬೈನೂರ ಮೂವತ್ತೈದಾಯ್ತು. ಬೀರಿನ ಮರ ಕೂಲಿ ಇಪ್ಪತ್ತೆರಡು ಸಾವಿರ, ಅದಕ್ಕೂ ಅದೇ ಆರುನೂರು ತಾನೇ? ಇಪ್ಪತ್ತೆಂಟು ಸಾವಿರದ ಬೀರು ಇಪ್ಪತ್ನಾಲ್ಕು ಸಾವಿರದ ಎಂಟುನೂರ ಅರವತ್ತಕ್ಕೆ ಇಳೀತು.

ಮಣೆ ಕೇಳೋಕೆ ಬಂದೋರು ರೇಟು ಕೇಳಿ, ಚಪ್ಪಲಿ ಹಾಕ್ಕೊಂಡು ಹೊರಟ್ರು. ಬೀರು ಕೇಳೋಕೆ ಬಂದೋರು ಮಾತ್ರ ಚೌಕಾಸಿ ಮಾಡ್ದೇನೆ ಅಡ್ವಾನ್ಸ್ ಕೊಟ್ಟು, ನಾನು ಮನಸ್ಸು ಬದಲಾಯಿಸ್ತೀನೇನೋ ಅಂತ ಹಿಂತಿರುಗಿ ನೋಡ್ತಾ ಓಡಿಹೋದ್ರು. ಒಂದೇ ವಾರದಲ್ಲಿ ಏಳು ಬೀರು ಬುಕ್ಕು! ನಾನು ಮಾವನಿಗೆ ಫೋನ್ ಮಾಡಿ, ತೀರ್ಥಹಳ್ಳಿಯಲ್ಲಿ ಇನ್ನೊಂದು ಸ್ವಲ್ಪ ದೊಡ್ಡ ಮಳಿಗೆ ಇದ್ಯಾ ನೋಡು ಅಂದೆ. ಅದೇ ಜೋಶಲ್ಲಿ ಮ್ಯಾನೇಜರಿಗೆ ಅಂತ ಒಂದು ಟೇಬಲ್ಲೂ ಮಾಡ್ಸಿದೆ. ಕಾಲಿಗೆ ಹೂವಿನ ಕೆತ್ತನೆ, ಮೂರು ಡ್ರಾಯರು. ಅದಕ್ಕೆ ಬಿಲ್ ಹಾಕಿಲ್ಲ. ಮ್ಯಾನೇಜರಿಗೆ ಯಾರಾದ್ರೂ ಬಿಲ್ ಹಾಕ್ತಾರಾ?

ಒಂದು ವಿಷಯ ಮಾತ್ರ ನಂಗೆ ವಿಚಿತ್ರ ಅನ್ನಿಸ್ತಿತ್ತು. ಬೀರಿನ ಹಲಗೆ ಗಮ್ ಹಚ್ಚಿ ಬಿಗಿದಿಟ್ಟಾಗ ಮೂವರು ಬಡಗಿಗಳೂ ಬಾಗಿಲಲ್ಲಿ ಕೂತು ರಸ್ತೆ ನೋಡ್ತಿದ್ರು. ಯಾಕೆ ಅಂತ ಕೇಳಿದ್ರೆ, ಈ ಹೊತ್ತಲ್ಲಿ ಮಣೆ ಮಾಡ್ತಿದ್ವಿ, ಈಗ ಮಣೆ ಯಾರಿಗೂ ಬೇಡವಲ್ಲ ಅಂದ್ರು. ಮೂಲೇಲಿ ಮಣೆಗೆ ಆಗ್ತಿದ್ದ ಹಲಸಿನ ಮರದ ತುಂಡು ಎದೆ ಮಟ್ಟ ರಾಶಿ ಬಿದ್ದಿತ್ತು.

ಆ ತಿಂಗಳು ಶೆಡ್ಡಿಂದ ಆಗಿದ್ದು ಏಳು ಬೀರು. ನನ್ನ ಟೇಬಲ್ ಸೇರ್ಸಿ ಎಂಟು. ನಿಯಮ ಅಂದ್ರೆ ನಿಯಮ. ಮೂವತ್ತಾರು ಸಾವಿರನ ಎಂಟರಿಂದ ಭಾಗಿಸಿದೆ. ಒಂದೊಂದಕ್ಕೆ ನಾಲ್ಕೂವರೆ ಸಾವಿರ! ಅಷ್ಟರಲ್ಲಿ ಕೋಣಂದೂರಿಂದ ಸರೋಜಮ್ಮ ಅನ್ನೋರು ಬಂದ್ರು. ಮಗಳ ಮದುವೆ, ಧಾರೆಗೆ ಎರಡು ಮಣೆ ಬೇಕಿತ್ತು. ನಾನು ಲ್ಯಾಪ್‌ಟಾಪ್ ನೋಡಿ ಗಂಭೀರವಾಗಿ, ಒಂದು ಮಣೆಗೆ ಐದು ಸಾವಿರದ ಇನ್ನೂರ ಇಪ್ಪತ್ತೈದು ಅಂದೆ.

ಸರೋಜಮ್ಮ ಮೂಲೇಲಿದ್ದ ಒಂದು ಹಳೇ ಮಣೆ ಎಳ್ಕೊಂಡು ಅದ್ರ ಮೇಲೆ ಕೂತ್ರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ರು.

"ಎಂತ ಮಾಡ್ತಿದ್ದೀರಿ ಅಮ್ಮ?"

"ಕೂತ್ರೆ ಎಂತಾದ್ರೂ ಆಗುತ್ತಾ ಅಂತ ನೋಡ್ತಿದ್ದೆ ಮಾರಾಯ. ಮೊಣಕಾಲು ನೋವು ಹಂಗೇ ಉಂಟಲ್ಲ."

ನಾನು ಓವರ್‌ಹೆಡ್ ಬಗ್ಗೆ ಶುರು ಮಾಡ್ದೆ. ಅವರು ಕೈ ಎತ್ತಿ ನಿಲ್ಲಿಸಿದ್ರು.

"ನಮ್ಮ ಪಕ್ಕದ ಮನೆಗೆ ಇಪ್ಪತ್ನಾಲ್ಕು ಸಾವಿರದ ಚಿಲ್ಲರೆಗೆ ಬೀರು ಕೊಟ್ಯಂತೆ. ಐದು ಮಣೆ ದುಡ್ಡಿಗೆ ಒಂದು ಬೀರು ಬಂದು, ಸಾವಿರ ಮಿಗುತ್ತೆ. ಹಂಗಾರೆ ನಂಗೂ ಬೀರೇ ಕೊಡು. ಅದನ್ನ ಮಲಗ್ಸಿ, ಮೇಲೆ ಮದುಮಕ್ಕಳನ್ನ ಕೂರಿಸ್ತೀನಿ. ಪುರೋಹಿತರಿಗೂ ಜಾಗ ಆಗುತ್ತೆ."

ಈ ಮಾತಿಗೆ ಸರಿಯಾಗಿ ಮೇಗರವಳ್ಳಿಯಿಂದ ಮಾವ ಬಂದು ಬಾಗಿಲಲ್ಲಿ ನಿಂತಿದ್ದ. ಮೊದ್ಲು ಸರೋಜಮ್ಮನಿಗೆ ಎರಡು ಮಣೆ ಉಡುಗೊರೆ ಅಂತ ಹೇಳಿ ಕಳಿಸಿದ. ಆಮೇಲೆ ಗೋಡೆ ಚೀಟಿ ಓದಿದ. ಆಮೇಲೆ ನನ್ನ ಟೇಬಲ್ ನೋಡಿದ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

"ವಿನಯಾ, ನಾನು ಕವಳ ಎಷ್ಟು ಅಂತ ಯಾಕೆ ಕೇಳ್ತಿದ್ದೆ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಮಾವ ಹೇಳ್ದ. ಸೀನಾಚಾರ್ರು ದಿನಕ್ಕೆ ಹನ್ನೆರಡು ಕವಳ ಹಾಕ್ತಾರೆ, ಗಡಿಯಾರದ ಮುಳ್ಳಿನ ಹಂಗೆ, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಯಾವ ಸಾಮಾನು ಶೆಡ್ಡಲ್ಲಿ ಎಷ್ಟು ಹೊತ್ತು ಕೂತಿತ್ತು ಅನ್ನೋದಕ್ಕೆ ಅದೇ ಅಳತೆ. ಬೀರಿಗೆ ನಲವತ್ತು ಕವಳ. ಮಣೆಗೆ ಅರ್ಧ, ಅದೂ ಗಮ್ ಒಣಗೋ ಹೊತ್ತಲ್ಲಿ, ಬಿಸಾಡೋ ತುಂಡಲ್ಲಿ ಆಗೋದು. ಮರ, ಕೂಲಿ ಸೇರ್ಸಿ, ಕವಳಕ್ಕೆ ನೂರಿಪ್ಪತ್ತು ರೂಪಾಯಿ ಮೇಲೆ ಹಾಕಿದ್ರೆ ಶೆಡ್ಡಿನ ಖರ್ಚು ಹುಟ್ಟುತ್ತೆ.

ನಾನು ನಂಬಲಿಲ್ಲ. ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ದೆ. ದಿನಕ್ಕೆ ಹನ್ನೆರಡು, ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ, ಮುನ್ನೂರು ಕವಳ. ಮೂವತ್ತಾರು ಸಾವಿರ ಭಾಗಿಸು ಮುನ್ನೂರು. ನೂರಿಪ್ಪತ್ತು. ದಶಾಂಶ ಕೂಡ ಇಲ್ಲ!

ಅಂದ್ರೆ ನಲವತ್ತು ಕವಳಕ್ಕೆ ನಾಲ್ಕು ಸಾವಿರದ ಎಂಟುನೂರು ಹಾಕೋ ಕಡೆ ಆರುನೂರು ಹಾಕಿ, ನಾನು ಮಾರಿದ ಒಂದೊಂದು ಬೀರಿಗೂ ಹತ್ರ ಹತ್ರ ಎರಡು ಸಾವಿರ ಕೈಯಿಂದ ಹೋಗಿತ್ತು. ಏಳೂ ಬೀರನ್ನ ಮಾವ ಒಪ್ಪಿದ ರೇಟಿಗೇ ಕೊಟ್ಟ. ತೀರ್ಥಹಳ್ಳಿ ಮಳಿಗೆಗೆ ಅಡ್ವಾನ್ಸ್ ಹುಟ್ಟಲಿಲ್ಲ. ಈಗ ಅಲ್ಲಿ ಬೇಕರಿ ಇದೆ. ಬನ್ನು ಚೆನ್ನಾಗಿರುತ್ತೆ, ತಿಂದು ನೋಡಿದ್ದೀನಿ. ನಮ್ಮಮ್ಮ ತಾಲ್ಲೂಕಿಗೆಲ್ಲ ಮತ್ತೆ ಫೋನ್ ಮಾಡೋ ಹಂಗಾಯ್ತು.

ಮರುದಿನ ಬೆಳಿಗ್ಗೆ ನಾನು ಶೆಡ್ಡಲ್ಲಿ ಹಲಸಿನ ತುಂಡಿಗೆ ಮರಳು ಕಾಗದ ಉಜ್ಜುತ್ತಾ ಕೂತಿದ್ದೆ. ನನ್ನ ಹೊಸ ಹುದ್ದೆ ಅದು, ಮಣೆ ವಿಭಾಗ. ಮಾವ ನನ್ನ ಟೇಬಲ್ಲಿಗೆ ಗಿರಾಕಿ ಹುಡುಕ್ತಾ, ಎಷ್ಟು ಕವಳ ಅಂತ ಆಚಾರ್ರನ್ನ ಕೇಳ್ದ. ಅವರು ಮಾಡಿನ ಹಂಚು ನೋಡಿ ಹತ್ತೊಂಬತ್ತು ಅಂದ್ರು. ಆಮೇಲೆ ಎದ್ದು ಹೊರಗೆ ಹೋಗಿ, ಕವಳ ಉಗಿದು, ನಿಧಾನಕ್ಕೆ ಬಾಯಿ ತೊಳ್ಕೊಂಡು ಬಂದು ನನ್ನ ಎದುರಿಗೆ ಕೂತ್ರು. ಇಷ್ಟು ದಿನದಲ್ಲಿ ಖಾಲಿ ಬಾಯಲ್ಲಿ ಅವ್ರನ್ನ ನಾನು ನೋಡಿದ್ದು ಅದೇ ಮೊದಲು.

"ತಮ್ಮಾ, ನೀನು ಅವತ್ತು ಓವರ್‌ಹೆಡ್ ಅಂತ ಒಂದು ಹೇಳಿದ್ಯಲ್ಲ. ಯಾವ ಸಾಮಾನಿನ ಒಳಗೂ ಕಾಣಲ್ಲ, ತಿಂಗಳು ತಿಂಗಳು ದುಡ್ಡು ತಿನ್ನುತ್ತೆ, ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ ಹಾಕ್ಬೇಕು ಅಂತ."

"ಹೌದು ಆಚಾರ್ರೇ."

"ನಂಗೆ ಅವತ್ತೇ ಅರ್ಥ ಆಗಿತ್ತು. ನಿನ್ನ ಬಗ್ಗೆ ನೀನೇ ಹೇಳ್ಕೊಳ್ತಿದ್ದೀಯಲ್ಲ, ಎದುರಿಗೆ ಹೂಂ ಅನ್ನೋದು ಬಿಟ್ಟು ಬೇರೆ ಎಂತ ಹೇಳ್ಲಿ ಅಂತ ಸುಮ್ನಾದೆ."