ನಾದಿನಿಯ ವಂಶ ಹುಡುಕಾಟ

ನನ್ನ ನಾದಿನಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟ ಕಿಚ್ಚಲ್ಲ, ಅದರ ಮೇಲೆ ಮನೆಮಂದಿಗೆಲ್ಲ ರೊಟ್ಟಿ ಬೇಯಿಸಬಹುದು! ಅವಳು ಮುಂಬಯಿಯಲ್ಲಿ ದೊಡ್ಡ ಡಾಕ್ಟರು. ಆದರೆ ನೆಗಡಿಗೆ ಗುಳಿಗೆ ಕೊಡುವ ಡಾಕ್ಟರಲ್ಲ. ಮಾತಾಡದ, ಮುಖ ನೋಡದ, ತಮ್ಮ ಪಾಡಿಗೆ ತಾವಿರುವ ಮಕ್ಕಳಿದ್ದಾರಲ್ಲ, ಅದಕ್ಕೆ ಆಟಿಸಂ ಎಂದು ಹೆಸರಂತೆ. ಅದು ವಂಶದಲ್ಲಿ ಹೇಗೆ ಇಳಿದು ಬರುತ್ತದೆಂದು ಹುಡುಕುವುದೇ ಅವಳ ಕೆಲಸ. ಸಾವಿರದ ಒಂಬೈನೂರ ಎಂಬತ್ತರ ಆಚೀಚೆ ನಮ್ಮ ಇಳಕಲ್ಲಿನಲ್ಲಿ ಈ ಶಬ್ದ ಯಾರು ಕೇಳಿದ್ದರು?

ರಜೆಗೆ ಬಂದಳೆಂದರೆ ಮದುವೆಮನೆಗಳೇ ಅವಳ ಪ್ರಯೋಗಶಾಲೆ. ಬಳಗವೆಲ್ಲ ಒಂದೇ ಕಡೆ ಸಿಗುತ್ತದಲ್ಲ! ಬಾದಾಮಿಯ ಒಂದು ಮದುವೆಯಲ್ಲಿ ವರನ ಸೋದರಮಾವನನ್ನು ಹಿಡಿದು, "ನಿಮ್ಮ ಮನ್ಯಾಗ ತಡಾ ಮಾಡಿ ಮಾತು ಬಂದವರು ಯಾರರ ಅದಾರೇನ್ರಿ? ಒಬ್ಬರ ಕುಂತು ತೂಗಾಡವರು?" ಎಂದು ಕೇಳಿದಳು. ಹೆಣ್ಣಿನ ಕಡೆಯವರೇ ವಿಚಾರಣೆಗೆ ಕಳಿಸಿದ್ದಾರೆಂದು ತಿಳಿದು ಆ ಮನುಷ್ಯ ರುಮಾಲು ಕೊಡವಿ ಎದ್ದೇಬಿಟ್ಟ. ನಮ್ಮವರು ಕೈಕಾಲು ಹಿಡಿದು ಕೂರಿಸಿದರು. ಅಷ್ಟರಲ್ಲಿ ಇವಳು ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತ, "ಅಂಥಾವರು ಇಬ್ಬರು ಸಿಕ್ಕರು ವೈನಿ" ಎಂದಳು.

ಹುನಗುಂದದ ಬಸ್ಸಿನಲ್ಲಿ ಇನ್ನೊಂದು. ಕಿಟಕಿಯ ಹೊರಗೆ ಯಾವುದೋ ಹುಡುಗ ಸೈಕಲ್ಲಿನ ಗಾಲಿ ತಿರುಗಿಸುತ್ತ ಮೈಮರೆತು ಕೂತಿದ್ದ. ಅಷ್ಟೇ! ಇಳಿದು ಹೋದಳು. ಅವಳ ಟ್ರಂಕು ಹೊತ್ತು ಮನೆ ಸೇರಿದವಳು ನಾನು. ಸಂಜೆ ಅವಳು ಬಂದಾಗ ಅತ್ತೆ ಚಹಾ ಮಾಡಿಕೊಟ್ಟದ್ದು ಅವಳಿಗೆ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಶರಣಪ್ಪನ ಸಂಗತಿ. ಶರಣಪ್ಪ ನನ್ನ ಮಗ. ಏಳು ವರ್ಷವಾದರೂ "ಅವ್ವಾ" ಎಂದಿರಲಿಲ್ಲ. ಪಕ್ಕದ ನೇಕಾರರ ಮನೆಯಿಂದ ಕಂಡಿಕೆಗಳನ್ನು, ಅಂದರೆ ನೂಲು ಸುತ್ತಿದ ಪುಟ್ಟ ಕೊಳವೆಗಳನ್ನು ತಂದು ಸಾಲಾಗಿ ಜೋಡಿಸುವುದೇ ಅವನ ಲೋಕ. ನಾನು ಗಂಟಲು ಹರಿಯುವಂತೆ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಇವಳು ಬಂದು, ಕರೆಯದೆ, ಮುಟ್ಟದೆ, ನೆಲದ ಮೇಲೆ ಬೋರಲು ಮಲಗಿದಳು. ಸ್ವಲ್ಪ ಹೊತ್ತಿಗೆ ಅವನು ಒಂದು ಕೆಂಪು ಕಂಡಿಕೆ ತೆಗೆದು ಅವಳ ಕೈಗಿಟ್ಟ. ಹೆತ್ತವಳು ನಾನು, ಕಂಡಿಕೆ ಅವಳಿಗೆ! ಆ ದಿನ ನಾನು ಬೇಳೆಗೆ ಉಪ್ಪನ್ನೇ ಹಾಕಲಿಲ್ಲ.

ಅದೇ ರಜೆಯಲ್ಲಿ, ಮನೆತನದ ವಂಶಾವಳಿಯನ್ನು ಬಾಯಿಪಾಠ ಹೇಳುವ ಹೆಳವ ಎತ್ತು ಏರಿ ಗಂಟೆ ಬಾರಿಸುತ್ತ ನಮ್ಮ ಬಾಗಿಲಿಗೆ ಬಂದ. ನಾದಿನಿಗೆ ಹಬ್ಬ. ಕಟ್ಟೆಯ ಮೇಲೆ ಕೂತು ಕೇಳಿದಳು. ಮುತ್ತಜ್ಜನಿಂದ ಶುರುಮಾಡಿ ಅವನು ನನ್ನ ಗಂಡನ ಹೆಸರಿಗೆ ಬಂದು ನಿಂತ.

"ಮುಂದಿನ ಕುಡಿ ಯಾರ್ರಿ, ತಾಯಿ?"

"ಅಲ್ಲಿಗೇ ನಿಲ್ಲಸಪಾ," ಎಂದರು ಅತ್ತೆ. "ಅದರ ಹೆಸರು ಬ್ಯಾಡ. ಆ ದೋಷ ಇಕಿ ತವರ್ಮನಿಯಿಂದ ಬಂದದ್ದು."

ನಾನು ಮೊರದಲ್ಲಿ ಜೋಳ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ವರ್ಷಗಟ್ಟಲೆ ಕೇಳಿದ ಮಾತು ಅದು. ತಲೆ ತಗ್ಗಿಸಿದೆ.

"ವೈನಿ ತವರ್ಮನಿ ಅಂದ್ರ ನಿನ್ನ ತವರ್ಮನೀನೂ ಹೌದಲ್ಲವಾ?" ಎಂದಳು ನಾದಿನಿ, ಎತ್ತಿನ ಕೊಂಬು ನೋಡುತ್ತ. ಅತ್ತೆ ನನ್ನ ಅಪ್ಪನ ಅಕ್ಕ.

"ಇದು ದೋಷ ಅಲ್ಲ. ವೈನಿ ತಪ್ಪಂತೂ ಅಲ್ಲೇ ಅಲ್ಲ. ನಾ ಐದು ವರ್ಷದ ತನಕಾ ಮಾತಾಡಿದ್ದಿಲ್ಲ, ಮರತಿಯೇನು? ಮಂದಿ ಮಾರಿ ನೋಡಾಕ ನನಗ ಈಗೂ ಆಗೂದಿಲ್ಲ. ನಾ ಈ ಮನಿ ಮಗಳಾದ್ರ, ಅವನೂ ಈ ಮನಿ ಮಗ." ಹೆಳವನ ಕಡೆ ತಿರುಗಿ, "ಶರಣಪ್ಪ ಅನ್ರಿ," ಎಂದಳು.

ಹೆಳವ ಗಂಟೆ ಬಾರಿಸಿ, ಓಣಿಗೆಲ್ಲ ಕೇಳುವಂತೆ ನನ್ನ ಮಗನ ಹೆಸರು ಹೇಳಿದ.

ಆ ಮಾತು ನಾನು ಆಡಬೇಕಾದದ್ದು. ಒಲೆಯ ಮುಂದೆ ಎಷ್ಟೋ ಸಲ ಆಡಿ ನೋಡಿದ್ದೆ, ಅತ್ತೆಯೆದುರು ಬಾಯಿ ಬಂದಿರಲಿಲ್ಲ. ಅದನ್ನೂ ಇವಳೇ ಆಡಿಬಿಟ್ಟಳು! ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ತಬ್ಬಿಕೊಳ್ಳೋಣವೆಂದರೆ ಯಾರಾದರೂ ಮುಟ್ಟಿದರೆ ಅವಳಿಗೆ ಆಗುವುದಿಲ್ಲ. ಹೆಳವನ ಜೋಳಿಗೆಗೆ ಜೋಳ ಸುರಿದು ಬಂದು ಅವಳ ಪಕ್ಕ ಕೂತೆ. ಕಟ್ಟೆಯ ಮೇಲೆ ಬಿದ್ದಿದ್ದ ಅವಳ ಸೆರಗಿನ ತುದಿಯನ್ನಷ್ಟೇ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.